ಫೆಬ್ರವರಿಯಲ್ಲಿ ಜೂನ್ ತಿಂಗಳ ದಾರಿ

ಹೊರಗೆ ಮೊಣಕಾಲುದ್ದ ಹಿಮ.
ಒಳಗೆ, ಜಪ್ರಿಯಾನನ ಟೈರಿನಂಗಡಿಯ ಹಿಂಗೋಣೆಯಲ್ಲಿ
ನಾವು ಒಂಬತ್ತು ಜನ, ಒಂದು ಸೌದೆ ಒಲೆ.
ಮೇಜಿನ ಮೇಲೆ ರೊಡೋಪಿ ಬೆಟ್ಟಗಳು
ಮಡಿಕೆ ಮಡಿಕೆಗೂ ಹರಿದು, ಟೇಪು ಅಂಟಿಸಿಕೊಂಡು ಮಲಗಿವೆ.
ನಕ್ಷೆ ಸುರುಳಿಕೊಳ್ಳದ ಹಾಗೆ ಮೂಲೆಗೊಂದು ಭಾರ:
ಸ್ಪಾರ್ಕ್ ಪ್ಲಗ್ಗು, ಪ್ಲಮ್ ಸಾರಾಯಿಯ ಬಾಟಲಿ, ಯಾರದೋ ಕೈಗವಸು,
ನಾಲ್ಕನೆಯದಕ್ಕೆ ಮಾನೋಲನ ಎಡ ಮೊಣಕೈ.

ಜೂನ್ ಎರಡನೆಯ ಶನಿವಾರ.
ಅಷ್ಟು ಮಾತ್ರ ಜಗಳವಿಲ್ಲದೆ ಆಯಿತು.

ಶುಕ್ರಿಗೆ ಕಮರಿಯ ದಾರಿಯೇ ಬೇಕು,
ಬಂಡೆಗಳು ಎರಡೂ ಕಡೆಯಿಂದ ಬಗ್ಗಿ
ಸೈಲೆನ್ಸರಿನ ಸದ್ದನ್ನು ನಮಗೇ ವಾಪಸು ಬಡಿಸುವ ಜಾಗ.
"ಅಲ್ಲಿ ಕಲ್ಲು ಬೀಳುತ್ತೆ" ಅಂದಳು ನರ್ಸ್ ವಿಹ್ರಾ.
"ಎಲ್ಲಿ ಬೀಳಲ್ಲ?"
"ನನ್ನ ವಾರ್ಡಿನಲ್ಲಿ. ಅಲ್ಲಿ ನೀವು ಬಿದ್ದಿರ್ತೀರಿ, ಸಾಲಾಗಿ."
ಜಪ್ರಿಯಾನನಿಗೆ ಹೊಸ ಡಾಂಬರು ಬೇಕು,
ಅಳಿಯ ಕಂತಿನಲ್ಲಿ ಕೊಂಡ ಗಾಡಿಗೆ ಕೆಸರು ತಾಗಬಾರದಂತೆ.

ಮಾನೋಲ್ ಪೆನ್ಸಿಲನ್ನು ನಾಲಿಗೆಗೆ ತಾಗಿಸಿ
ಯಾರ ಮಾತು ಮುಗಿಯಲೂ ಕಾಯದೆ ಗೆರೆ ಎಳೆಯುತ್ತಾನೆ.
"ಇಲ್ಲಿ ಎಡಕ್ಕೊಂದು ತೊಟ್ಟಿ, ನೀರು ಒಳ್ಳೇದು.
ಇಲ್ಲಿ ಹತ್ತು ಗಂಟೆ ತನಕ ಪೈನ್ ನೆರಳು, ರಸ್ತೆ ಒದ್ದೆ,
ಬ್ರೇಕು ಮುಟ್ಟಬೇಡಿ.
ಇಲ್ಲೊಂದು ನಾಯಿ. ಅಟ್ಟಿಸಿಕೊಂಡು ಬರುತ್ತೆ, ಕಚ್ಚಲ್ಲ.
ಅದರಪ್ಪನೂ ಹಾಗೇ ಇತ್ತು."

ನಾನು ಕಾರ್ಯದರ್ಶಿ. ಅಂದರೆ
ಗಂಡಸರು ಬೆಟ್ಟ ಹಂಚಿಕೊಳ್ಳುವಾಗ
ಕಕ್ಕಸು ಎಷ್ಟಿವೆ ಅಂತ ಕೇಳುವವಳು.
ಮೂವತ್ತೊಂದು ಜನಕ್ಕೆ ಎರಡು.
ಹನ್ನೊಂದು ಮಂಚ, ಉಳಿದವರಿಗೆ ಹುಲ್ಲಟ್ಟ;
ಗೊರಕೆಯವರು ಒಂದು ಕಡೆ, ಆ ಪಟ್ಟಿ ಗುಟ್ಟು.
ಬೀನ್ಸ್ ಸಾರು ಎರಡು ಹಂಡೆ,
ಫಾತ್ಮೆಗೆ ಮುಂಗಡ ಕೊಟ್ಟಾಗಿದೆ.

ಹೋದ ವರ್ಷ ಜರ್ಮನಿಯಿಂದ ಬಂದ ಅತಿಥಿ ಅರೆಹೊಟ್ಟೆಯಲ್ಲಿ ಮಲಗಿದ.
"ಇನ್ನೂ ಹಾಕಲೇ?" ಅಂತ ಫಾತ್ಮೆ ಸೌಟು ಹಿಡಿದು ಕೇಳಿದಾಗ
ಹೂಂ ಅಂತ ತಲೆ ಮೇಲೆ ಕೆಳಗೆ ಆಡಿಸಿದನಂತೆ, ಪಾಪ.
ನಮ್ಮಲ್ಲಿ ಅದು ಬೇಡ ಅಂತ.
ಅವಳು ಬಟ್ಟಲನ್ನೇ ಎತ್ತಿಕೊಂಡು ಹೋದಳು.
ಈ ಸಲ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿಸಿದ್ದೇನೆ:
ಹೌದಾದರೆ ತಲೆ ಅಡ್ಡಡ್ಡ. ಇಲ್ಲವಾದರೆ ಉದ್ದುದ್ದ.
ಹೊಟ್ಟೆ ನಿಮ್ಮದು, ಕುತ್ತಿಗೆ ನಿಮ್ಮದು.

ಹೆಸರಿನ ಪಟ್ಟಿ ಮಾನೋಲನ ಬರಹದಲ್ಲಿದೆ,
ಯಾರ ಟ್ಯಾಂಕು ಎಷ್ಟು ಲೀಟರು, ಯಾರು ಎಲ್ಲಿ ತುಂಬಿಸಬೇಕು.
ಬ್ರೆಡ್ಡಿನ ಲೆಕ್ಕಕ್ಕೆಂದು ಎಣಿಸಿದೆ. ಮೂವತ್ತೊಂದು.
ಮತ್ತೆ ಎಣಿಸಿದೆ, ಈ ಸಲ ಹೆಸರು ಓದುತ್ತ.
ಹದಿನೆಂಟು ವರ್ಷ ಮೊದಲ ಸಾಲಿನಲ್ಲಿದ್ದ ಹೆಸರು
ಮೊದಲ ಸಾಲಿನಲ್ಲಿಲ್ಲ.
ಕೊನೆಯದರಲ್ಲೂ.

ನಕ್ಷೆಯಲ್ಲಿ ಮಾತ್ರ, ಕಮರಿ ಮುಗಿದು ಹುಲ್ಲುಗಾವಲು ಬಿಚ್ಚುವ ಕಡೆ
ಒಂದು ಪುಟ್ಟ ಕತ್ತರಿ ಗುರುತು, ಪಕ್ಕದಲ್ಲಿ:
ಚಹಾ. ಹನ್ನೊಂದೂವರೆಯಿಂದ. ನಾನು.

ಸೆಪ್ಟೆಂಬರಿನಲ್ಲಿ ಜೇನು ತರಲು ಅವನ ಮನೆಗೆ ಹೋಗಿದ್ದೆ.
ಕೊಟ್ಟಿಗೆಯಲ್ಲಿ ಆ ಕೆಂಪು ಜಾವಾ, ಟಾರ್ಪಾಲು ಅರ್ಧ ಜಾರಿತ್ತು;
ಸೀಟಿನ ಮೇಲೆ ಕೋಳಿಯೊಂದು ಕಾವಿಗೆ ಕೂತಿತ್ತು.
"ಓಡಿಸಲೇ?" ಅಂದೆ.
"ಬೇಡ" ಅಂದ.
ಕೋಳಿಯ ಮಾತು ಅಂದುಕೊಂಡಿದ್ದೆ.

ಈಗ ಆ ಎಡಗೈ ನೋಡುತ್ತೇನೆ, ಕ್ಲಚ್ಚಿನ ಕೈ.
ಬೆರಳ ತುದಿಯಲ್ಲಿ ಸಣ್ಣದೊಂದು ಎಂಜಿನ್
ಆರಿಸಲು ಬಾರದೆ ಓಡುತ್ತಿದೆ.
ಮೂಲೆಯನ್ನು ಅವನು ಒತ್ತಿ ಹಿಡಿದಿದ್ದನೋ,
ಮೂಲೆ ಅವನನ್ನೋ.

ಮತಕ್ಕೆ ಹಾಕಿದೆವು. ಆರು ತಲೆ ಅಡ್ಡಕ್ಕೆ, ಕಮರಿ ಗೆದ್ದಿತು.
ಜಪ್ರಿಯಾನ್ ಮುನಿಸಿಕೊಂಡು ಸೌದೆ ತರಲು ಹೋದ.
ನಾನು ದನಿ ತಗ್ಗಿಸಿ:
"ಮಾನೋಲ್, ಶುಕ್ರಿಯ ಸೈಡ್‌ಕಾರ್ ಖಾಲಿ ಇದೆ."
"ಅದರಲ್ಲಿ ಆಡು ಕೂರುತ್ತೆ" ಅಂದ.
ಹಿಮದ ನೀರು ಸೂರಿನಿಂದ ತೊಟ್ಟಿಕ್ಕುವುದನ್ನು ಸ್ವಲ್ಪ ಹೊತ್ತು ಕೇಳಿದ.
ಆಮೇಲೆ ಅವನ ತಲೆ ಉದ್ದಕ್ಕೆ ಹೊರಟು,
ನಡುವೆಲ್ಲೋ ತಿರುವು ಸಿಕ್ಕ ಹಾಗೆ,
ಒಂದಿಷ್ಟು ಅಡ್ಡಕ್ಕೆ ವಾಲಿತು.

ಬಟ್ಟಲಿನ ಲೆಕ್ಕದಲ್ಲಿ ಮೂವತ್ತೆರಡು ಅಂತ ಬರೆದೆ,
ಅವನದೇ ಪೆನ್ಸಿಲಿನಲ್ಲಿ.